ಏಳು ಪೈಪುಗಳ ಮೂಗಿನ ಮೇಷ್ಟ್ರು

ಸಾಬೂನಿನ ಕಾರ್ಖಾನೆಯಲ್ಲಿ ಮೂಗನ್ನೇ ನಂಬಿ ಅನ್ನ ಉಣ್ಣುತ್ತಿದ್ದ ಮನುಷ್ಯ ದಿನಕ್ಕೆ ಎರಡು ಹೊತ್ತು ಪೈಪು ಸೇದುತ್ತಿದ್ದರು ಎಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಂಬುವುದಿಲ್ಲ. ನಾನೂ ನಕ್ಕವನೇ. ಆದರೆ ಮೂವತ್ತೊಂದು ವರ್ಷ ಆ ಕಾರ್ಖಾನೆಯಿಂದ ಹೊರಬಿದ್ದ ಒಂದೊಂದು ಪಾಕವೂ (ಒಂದು ಕಡಾಯಿಯಲ್ಲಿ ಒಮ್ಮೆಗೆ ಕುದಿದು ಬಂದ ಸಾಬೂನಿಗೆ ನಮ್ಮಲ್ಲಿ ಪಾಕವೆನ್ನುತ್ತಿದ್ದರು) ಅವರ ಮೂಗಿನ ಕೆಳಗೆ ಹಾದು, ಚೀಟಿಯ ಮೇಲೆ ಅವರ ಹಸಿರು ಶಾಯಿಯ ಸಹಿ ಬಿದ್ದ ಮೇಲೆಯೇ ಪೆಟ್ಟಿಗೆ ಸೇರುತ್ತಿತ್ತು. ವ್ಯವಸ್ಥಾಪಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ‘ಮೂಗಿನ ಮೇಷ್ಟ್ರು’ ಎಂದು. ಆ ಹೆಸರಿನಲ್ಲಿ ಗೇಲಿ ಎಷ್ಟಿತ್ತೋ ಗೌರವವೂ ಅಷ್ಟೇ ಇತ್ತು. ಎರಡನ್ನೂ ಅವರು ಒಂದೇ ಮುಖಭಾವದಲ್ಲಿ ಸ್ವೀಕರಿಸುತ್ತಿದ್ದರು.

ನಾನು ಅದೇ ಕಾರ್ಖಾನೆಯಲ್ಲಿ ಸಾಬೂನಿನ ಹೊದಿಕೆಯ ಮೇಲೆ ಅಚ್ಚಾಗುವ ಮಾತುಗಳನ್ನು ಬರೆಯುವವನು. ಸೇರಿದ ಹೊಸತರಲ್ಲಿ, ಉತ್ಸಾಹದಿಂದ, ‘ಮುಂಜಾವಿನ ಉದ್ಯಾನದ ಪರಿಮಳ’ ಎಂದು ಬರೆದು ಅವರ ಒಪ್ಪಿಗೆಗೆ ಒಯ್ದೆ. ಅವರು ಕಾಗದವನ್ನು ಓದಿ, ಮೇಜಿನ ಮೇಲಿಟ್ಟು, ಅದರ ಅಂಚುಗಳನ್ನು ಮೇಜಿನ ಅಂಚಿಗೆ ಸರಿಹೊಂದಿಸಿ, ಕೇಳಿದರು: “ಯಾವ ಮುಂಜಾವು? ಗಿಡಕ್ಕೆ ನೀರು ಹಾಕೋಕೆ ಮುಂಚೆಯೋ, ಹಾಕಿದ ಮೇಲೋ?” ವ್ಯಂಗ್ಯವಿರಬೇಕೆಂದು ಮುಖ ನೋಡಿದೆ. ವ್ಯಂಗ್ಯವಿರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಾಗಿತ್ತು. ಅಂದಿನಿಂದ ನಾನು ಬರೆಯುವ ಮಾತುಗಳಲ್ಲಿ ಉದ್ಯಾನಗಳು ಕಡಿಮೆಯಾದವು.

ಕಾರ್ಖಾನೆಯೊಳಗೆ ಬೆಂಕಿಗೆ ಪ್ರವೇಶವಿಲ್ಲ; ಆದ್ದರಿಂದ ಬೆಳಗ್ಗೆ ಒಳಗೆ ಹೋಗುವಾಗ ಮೇಷ್ಟ್ರು ತಮ್ಮ ಪೈಪನ್ನು ಗೇಟಿನ ಕಾವಲುಗಾರನ ಗೂಡಿನಲ್ಲಿ, ಅವನ ಊಟದ ಡಬ್ಬಿಯ ಪಕ್ಕದಲ್ಲಿ ಇಟ್ಟು ಹೋಗುತ್ತಿದ್ದರು. ಅವರ ಬಳಿ ಇದ್ದದ್ದು ಏಳು ಪೈಪು, ವಾರದ ದಿನಕ್ಕೊಂದು. ಸೇದಿದ ಪೈಪಿನ ಮರ ತೇವ ಹೀರಿರುತ್ತದೆ, ಅದು ಆರಲು ದಿನಗಳು ಬೇಕು, ದಣಿದ ಪೈಪನ್ನು ಮತ್ತೆ ದುಡಿಸಿದರೆ ಹೊಗೆ ಕಹಿಯಾಗುತ್ತದೆ ಎಂಬುದು ಅವರ ಶಾಸ್ತ್ರ. ಸೋಮವಾರದ್ದು ಕತ್ತು ಬಾಗಿದ್ದು, ಮಂಗಳವಾರದ್ದು ನೆಟ್ಟಗಿದ್ದದ್ದು, ಬುಧವಾರದ್ದರ ತಂಬಾಕು ತುಂಬುವ ಬಟ್ಟಲಿಗೆ ಒಂದು ಬೆಳ್ಳಿಯ ಪಟ್ಟಿ. ಒಮ್ಮೆ ಒಂದು ಮಂಗಳವಾರ ಅವರು ಲೆಕ್ಕ ತಪ್ಪಿ ಬುಧವಾರದ ಪೈಪು ತಂದಾಗ, ಕಾವಲುಗಾರ ಅದನ್ನು ನೋಡಿಯೇ ಹಾಜರಿ ಪುಸ್ತಕದಲ್ಲಿ ಬುಧವಾರವೆಂದು ಬರೆದುಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕಾರ್ಖಾನೆ ಮಂಗಳವಾರ ಗೈರುಹಾಜರಾಗಿತ್ತು. ವಿಚಾರಣೆಯಾದಾಗ ಅವನು ಹೇಳಿದ್ದಿಷ್ಟೇ: “ಕ್ಯಾಲೆಂಡರ್ ಹಾಳೆ ಹರಿಯೋದನ್ನ ನಾನು ಮರೀಬಹುದು ಸಾರ್, ಮೇಷ್ಟ್ರು ಮರೀತಾರೆ ಅಂದ್ರೆ ಹೇಗೆ ನಂಬಲಿ?”

ಸಂಜೆ ಐದೂಕಾಲಕ್ಕೆ ಗೇಟಿನಿಂದ ಹೊರಬಂದು, ಎದುರಿನ ರಸ್ತೆಯ ಸಿಮೆಂಟಿನ ಬೆಂಚಿನ ಮೇಲೆ ಕೂತು, ಅವರು ಮೊದಲನೆಯ ಪೈಪಿಗೆ ಅಣಿಯಾಗುತ್ತಿದ್ದರು. ಇದನ್ನು ನೋಡುವುದಕ್ಕೆಂದೇ ನಾನು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ತಂಬಾಕನ್ನು ಮೂರು ಚಿಟಿಕೆಗಳಲ್ಲಿ ತುಂಬಬೇಕು: ಮೊದಲನೆಯದನ್ನು ಸುಮ್ಮನೆ ಉದುರಿಸಬೇಕು, ಎರಡನೆಯದನ್ನು ಮಗುವಿನ ಕೆನ್ನೆ ತಟ್ಟಿದಷ್ಟು ಒತ್ತಬೇಕು, ಮೂರನೆಯದನ್ನು ಮಾತ್ರ ಹೆಬ್ಬೆರಳಿನಿಂದ ಗಟ್ಟಿಯಾಗಿ. ಕಡ್ಡಿ ಗೀರಿ, ಗಂಧಕದ ವಾಸನೆ ಹೋಗುವವರೆಗೆ ಅದನ್ನು ದೂರ ಹಿಡಿದು, ಆಮೇಲೆ ಬಟ್ಟಲಿನ ಬಾಯಿಯ ಸುತ್ತ ಸುತ್ತಿಸಬೇಕು. ಈ ಮೊದಲ ಬೆಂಕಿ ಸುಳ್ಳು ಬೆಂಕಿ; ಎಲೆಗಳು ಬೆಚ್ಚಿ ಮೇಲೆದ್ದು ಸುರುಟಿಕೊಳ್ಳುತ್ತವೆ, ಅಷ್ಟೇ. ಅದು ಆರಿದ ಮೇಲೆ, ಪುಟ್ಟ ಕಬ್ಬಿಣದ ಒತ್ತುಗೋಲಿನಿಂದ ಸಮಮಾಡಿ ಹಚ್ಚುವ ಎರಡನೆಯದೇ ನಿಜವಾದ ಬೆಂಕಿ. ಸಿಗರೇಟಿನವರು ಅಷ್ಟು ಹೊತ್ತಿಗೆ ಎರಡು ಮುಗಿಸಿ ಮೂರನೆಯದಕ್ಕೆ ಜೇಬು ತಡಕುತ್ತಿರುತ್ತಾರೆ.

ಅವಸರದಲ್ಲಿ ಏನನ್ನಾದರೂ ಕೇಳಿದರೆ ಅವರ ಉತ್ತರ ಯಾವಾಗಲೂ ಒಂದೇ: “ಇರಿ, ಅದೇ ಹೇಳುತ್ತೆ.” ಸಾಬೂನು ಚೆನ್ನಾಗಿದೆಯೇ ಎಂದರೆ ಅದೇ ಹೇಳುತ್ತೆ. ಮಳೆ ಬರುತ್ತದೆಯೇ ಎಂದರೆ ಅದೇ ಹೇಳುತ್ತೆ. ಮಗಳಿಗೆ ಗಂಡು ನೋಡಲು ಹೋದಾಗಲೂ, ಬೀಗರಾಗುವವರ ಮುಂದೆ, ಹುಡುಗನನ್ನು ತೋರಿಸಿ ಹಾಗೆಯೇ ಅಂದರಂತೆ. “ಆ ಹುಡುಗ ಪಾಪ ಅರ್ಧ ಗಂಟೆ ಬಾಯಿ ಬಿಡಲಿಲ್ಲ, ತಾನೇನು ಹೇಳಬೇಕು ಅಂತಲೇ ಅವನಿಗೆ ಗೊತ್ತಾಗಲಿಲ್ಲ” ಎಂದು ಅವರ ಹೆಂಡತಿ ಇಂದಿಗೂ ನಗುತ್ತಾರೆ.

ಆ ತಾಯಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಮೇಷ್ಟ್ರ ಕಂದು ಕೋಟಿನ ಬಲ ಜೇಬು ಅವರ ಕೈಕೆಲಸ. ಬಿಸಿ ಆರದ ಪೈಪನ್ನು ಜೇಬಿಗಿಳಿಸುವುದು ಪೈಪಿನವರೆಲ್ಲರ ಜನ್ಮದೋಷ. ಆ ಜೇಬು ಮೂರು ಸಲ ಸುಟ್ಟಿತು, ಮೂರು ಸಲವೂ ತೇಪೆ ಕಂಡಿತು, ನಾಲ್ಕನೆಯ ಸಲ ಅವರು ತಮ್ಮ ಹಳೆಯ ಚರ್ಮದ ಕೈಚೀಲವನ್ನು ಕತ್ತರಿಸಿ ಜೇಬಿನೊಳಗೆ ಅಸ್ತರಿ ಹಾಕಿದರು. “ನನ್ನ ಚೀಲ ಅವರ ಜೇಬು ಸೇರಿತು, ನನ್ನ ಮಾತು ಮಾತ್ರ ಇವತ್ತಿಗೂ ಅವರ ಕಿವಿ ಸೇರಲಿಲ್ಲ” ಎಂದು ಅವರು ಬಂದವರಿಗೆಲ್ಲ ಹೇಳುವರು. ಮೇಷ್ಟ್ರು ಪಕ್ಕದಲ್ಲೇ ಕೂತು, ಕೇಳಿಸದವರಂತೆ, ನೂಲು ಸುತ್ತಿದ ತಂತಿಯಿಂದ ಪೈಪಿನ ಕೊಳವೆಯನ್ನು ಉಜ್ಜುತ್ತಿರುವರು.

ಅವರ ಮೂಗಿನ ಸಾಮರ್ಥ್ಯಕ್ಕೆ ಒಂದೇ ಉದಾಹರಣೆ ಸಾಕು. ಒಮ್ಮೆ ಗುಲಾಬಿ ಸಾಬೂನಿನ ಒಂದು ಪಾಕವನ್ನು ಅವರು ತಡೆಹಿಡಿದರು. ಎಣ್ಣೆ ಹಳಸಿದೆ, ಗುಲಾಬಿಯ ಕೆಳಗೆ ಅಡಗಿಕೊಂಡಿದೆ ಎಂದರು. ನಾವೆಲ್ಲ ಮೂಸಿದೆವು, ಬರೀ ಗುಲಾಬಿ. ಗಿರಾಕಿಗಳಿಗೆ ಇದು ಗೊತ್ತಾಗುತ್ತದೆಯೇ ಎಂದು ವ್ಯವಸ್ಥಾಪಕರು ಸಿಡಿದರು. “ಗೊತ್ತಾಗಲ್ಲ. ಮುಂದಿನ ಸಲ ಬೇರೆ ಸಾಬೂನು ತಗೋತಾರೆ. ಯಾಕೆ ತಗೊಂಡ್ವಿ ಅನ್ನೋದೂ ಅವರಿಗೆ ಗೊತ್ತಾಗಲ್ಲ” ಎಂದರು ಮೇಷ್ಟ್ರು. ಆ ಪಾಕ ನೆಲ ತೊಳೆಯುವುದಕ್ಕೆ ಹೋಯಿತು. ವಾರ ಕಳೆದ ಮೇಲೆ, ಮಿಕ್ಕಿದ್ದ ಬಿಲ್ಲೆಗಳಲ್ಲಿ ಆ ಹಳಸು ನಾತವನ್ನು ನನ್ನಂಥವನೂ ಗುರುತಿಸುವಂತಾಯಿತು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಕಾಲಕ್ಕೆ, ಅವರ ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಚಳಿಗಾಲದ ನೆಗಡಿ ಬಂತು. ಹತ್ತು ದಿನ ಜ್ವರ, ಮೂಗು ಕಟ್ಟಿ ಮಾತೆಲ್ಲ ಗೊಗ್ಗರು. ಎಲ್ಲರಿಗೂ ಬರುವಂಥದ್ದೇ; ಹನ್ನೊಂದನೆಯ ದಿನ ಮಫ್ಲರು ಸುತ್ತಿಕೊಂಡು ಕೆಲಸಕ್ಕೆ ಬಂದರು, ಸಂಜೆ ಬೆಂಚಿನ ಮೇಲೆ ಪೈಪೂ ಹಚ್ಚಿದರು. ಆಮೇಲಿನ ಎರಡು ತಿಂಗಳಲ್ಲಿ ಕಣ್ಣಿಗೆ ಬಿದ್ದ ಸಣ್ಣಪುಟ್ಟ ಸಂಗತಿಗಳನ್ನು ನಾನು ಆಗ ಕೂಡಿಸಿ ನೋಡಲಿಲ್ಲ. ಎಂದೂ ಇನ್ನೊಬ್ಬರ ಅಭಿಪ್ರಾಯ ಕೇಳದಿದ್ದವರು, ಪ್ರಯೋಗಾಲಯದಲ್ಲಿ ತಮ್ಮ ಕೈಕೆಳಗೆ ಒಂಬತ್ತು ವರ್ಷದಿಂದ ದುಡಿಯುತ್ತಿದ್ದ ಸಹಾಯಕಿಯನ್ನು ಪ್ರತಿ ಪಾಕಕ್ಕೂ “ನಿಮಗೇನನ್ಸುತ್ತಮ್ಮಾ?” ಎಂದು ಕೇಳತೊಡಗಿದರು. ಕೊನೆಗೂ ತನ್ನ ಬೆಲೆ ತಿಳಿಯಿತಲ್ಲ ಎಂದು ಆಕೆ ಹಿಗ್ಗಿದಳು. ಒಮ್ಮೆ ಅವರ ಮನೆಗೆ ಹೋದಾಗ ಹೆಂಡತಿ ನನ್ನೆದುರಿಗೇ ದೂರಿದರು: “ಒಲೆ ಪಕ್ಕದಲ್ಲೇ ಪೇಪರು ಓದ್ತಾ ಕೂತಿದ್ರು, ಹಾಲು ಸೀದು ಪಾತ್ರೆ ಕರಿಕಾಗೋವರೆಗೂ ಇವರಿಗೆ ಗೊತ್ತಾಗಲಿಲ್ಲ. ಮೂಗಿನ ಮೇಷ್ಟ್ರಂತೆ!” ಮೇಷ್ಟ್ರು, ನೆಗಡಿ ಇನ್ನೂ ಪೂರ್ತಿ ಹೋಗಿಲ್ಲ, ನಿಧಾನವಾಗಿ ಬರುತ್ತಿದೆ ಎಂದರು. ಯಾರನ್ನು ನಂಬಿಸಲು ಹಾಗೆಂದರೆಂದು ನನಗೆ ಆಗ ಹೊಳೆಯಲಿಲ್ಲ.

ಆ ಹೊತ್ತಿಗೇ ಕಾರ್ಖಾನೆಗೆ ದೂರಿನ ಪತ್ರಗಳು ಬಂದವು. ಸಹಾಯಕಿ ರಜೆಯ ಮೇಲಿದ್ದ ವಾರದಲ್ಲಿ ಹೊರಹೋದ ಒಂದು ಪಾಕದ ಸಾಬೂನು ಹಳಸಿದ ಎಣ್ಣೆಯಂತೆ ನಾರುತ್ತದೆ ಎಂದು. ಚೀಟಿಯ ಮೇಲೆ ಹಸಿರು ಸಹಿಯಿತ್ತು. ಹಸಿರು ಸಹಿಯನ್ನು ಅನುಮಾನಿಸುವವರು ಯಾರು? ಹಾಗಾಗಿ ತಪ್ಪು ಉಗ್ರಾಣದ ತಲೆಗೆ ಬಂತು. ಪೆಟ್ಟಿಗೆಗಳನ್ನು ತೇವದಲ್ಲಿ ಇಟ್ಟು ಕೆಡಿಸಿದ್ದಾನೆಂದು ಉಗ್ರಾಣದವನನ್ನು ಕೆಲಸದಿಂದ ಅಮಾನತು ಮಾಡಿ ಮನೆಗೆ ಕಳುಹಿಸಿದರು. ಮೂರು ಮಕ್ಕಳ ತಂದೆ, ಬಾಯಿ ಸತ್ತ ಮನುಷ್ಯ. “ನಾನು ಬಾಗಿಲು ಸಹ ತೆರೆದಿಟ್ಟಿರಲಿಲ್ಲ ಸಾರ್” ಎಂದನಂತೆ, ಅಷ್ಟೇ. ಎಲ್ಲಿಯದೋ ಸಿಟ್ಟು ಎಲ್ಲಿಯೋ ಇಳಿಯಿತು. ಮೇಷ್ಟ್ರು ಆ ವಾರವೆಲ್ಲ ಬೆಂಚಿನ ಮೇಲೆ ಕೂತು ಪೈಪನ್ನು ಹಿಂದಿಗಿಂತ ಜೋರಾಗಿ ಎಳೆದರು.

ವರ್ಷಕ್ಕೊಮ್ಮೆ, ಒಂದು ಶನಿವಾರದ ಮಧ್ಯಾಹ್ನ, ತಂಬಾಕಿನ ಅಂಗಡಿಯ ಹಿಂಕೋಣೆಯಲ್ಲಿ ಪೈಪಿನವರು ಒಂದು ಪಂದ್ಯ ನಡೆಸುತ್ತಿದ್ದರು. ಲೋಕದಲ್ಲಿ ಎಲ್ಲ ಪಂದ್ಯಗಳೂ ಮೊದಲು ಮುಗಿಸಿದವನಿಗೆ. ಇದು ಕೊನೆಗೆ ಮುಗಿಸಿದವನಿಗೆ. ಎಲ್ಲರಿಗೂ ತೂಗಿ ಕೊಟ್ಟ ಮೂರು ಗ್ರಾಂ ತಂಬಾಕು, ಎರಡೇ ಕಡ್ಡಿ, ಹಚ್ಚಲು ಒಂದೇ ನಿಮಿಷ. ಆಮೇಲೆ ಬೆಂಕಿ ಮುಟ್ಟುವಂತಿಲ್ಲ. ಯಾರ ಪೈಪು ಹೆಚ್ಚು ಹೊತ್ತು ಆರದೆ ಇರುತ್ತದೋ ಅವರು ಗೆದ್ದರು. ಇದಕ್ಕೆ ತೀರ್ಪುಗಾರರಿಲ್ಲ. ಬಟ್ಟಲಿನೊಳಗಿನ ಕೆಂಡ ಜೀವಂತವಿದೆಯೋ ಇಲ್ಲವೋ ಎಂಬುದು ಸೇದುವವನಿಗೆ ನಾಲಿಗೆಯಿಂದ, ಮೂಗಿನಿಂದ ತಿಳಿಯುವ ವಿಷಯ; ಆರಿದ ಕೂಡಲೇ ಅವನೇ ಬಾಯಿಬಿಟ್ಟು ಹೇಳಿ ಪೈಪನ್ನು ಮೇಜಿನ ಮೇಲೆ ಮಗುಚಬೇಕು. ಸಮಯ ಬರೆದುಕೊಳ್ಳುವುದಕ್ಕೆ ಮಾತ್ರ ಹೊಗೆಯ ಚಟವಿಲ್ಲದ ಒಬ್ಬ ಬೇಕಾಗಿದ್ದನಾದ್ದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಗೆದ್ದವರು ಕಡೆಗೆ ಒಂದು ಬಿಳಿ ತಟ್ಟೆಯ ಮೇಲೆ ಬಟ್ಟಲನ್ನು ತಟ್ಟಿ, ಉಳಿದ ಕಿಡಿಯನ್ನು ಎಲ್ಲರಿಗೂ ತೋರಿಸುವುದು ಪದ್ಧತಿ. ಆರು ವರ್ಷಗಳಿಂದ ಆ ತಟ್ಟೆಯ ಮೇಲೆ ತಟ್ಟಿದವರು ಮೇಷ್ಟ್ರೇ.

ಆ ಸಲ ಒಂಬತ್ತು ಜನ ಕೂತರು. ಅರ್ಧ ಗಂಟೆಗೆ ನಾಲ್ವರು ಮಗುಚಿದರು, ಐವತ್ತನೆಯ ನಿಮಿಷಕ್ಕೆ ಉಳಿದದ್ದು ಮೂವರು: ಮೇಷ್ಟ್ರು, ಹಲ್ಲಿನ ಡಾಕ್ಟರು, ಮತ್ತು ಕೆಲಸದಿಂದ ನಿವೃತ್ತರಾದ ಒಬ್ಬ ರೈಲು ಚಾಲಕರು. ಹಲ್ಲಿನ ಡಾಕ್ಟರು ತಮ್ಮ ರೋಗಿಗಳಿಗೆಲ್ಲ ತಂಬಾಕು ಬಿಡಿ ಎಂದು ಬೈದು ಶನಿವಾರ ಇಲ್ಲಿಗೆ ಬರುವವರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು, ಅದರಲ್ಲಿ ಇಬ್ಬರ ಬಟ್ಟಲುಗಳಿಂದ ನೂಲಿನಷ್ಟು ತೆಳ್ಳಗೆ ಹೊಗೆ ಏಳುವುದು ಕಾಣುತ್ತಿತ್ತು. ಮೇಷ್ಟ್ರ ಬಟ್ಟಲಿನ ಮೇಲೆ ಏನೂ ಕಾಣಲಿಲ್ಲ. ಅವರ ಹೊಗೆ ಯಾವಾಗಲೂ ಮಿತವಾದದ್ದು, ನನ್ನ ಕಣ್ಣು ಮೋಸ ಮಾಡಿರಬೇಕು ಎಂದುಕೊಂಡೆ. ಅವರು ಶಾಂತವಾಗಿ ಎಳೆಯುತ್ತಿದ್ದರು, ಒತ್ತುಗೋಲಿನಿಂದ ಮೆಲ್ಲಗೆ ಒತ್ತುತ್ತಿದ್ದರು, ಕಣ್ಣು ಅರೆಮುಚ್ಚಿ ಆಸ್ವಾದಿಸುತ್ತಿದ್ದರು. ಐದು ನಿಮಿಷ ಕಳೆಯಿತು. ಬಾಯಿಂದಲೂ ಏನೂ ಹೊರಬರುತ್ತಿಲ್ಲ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಈಗ ಗೊತ್ತಾಗಿತ್ತು, ಒಬ್ಬರಿಗೆ ಬಿಟ್ಟು.

ಹಲ್ಲಿನ ಡಾಕ್ಟರು ನನ್ನನ್ನು ನೋಡಿದರು. ನಾನು ಗಡಿಯಾರ ನೋಡಿದೆ. ಸಮಯ ಬರೆಯುತ್ತಿದ್ದ ನಾನಾದರೂ ಹೇಳಬೇಕಾಗಿತ್ತು; ಹೇಳಲಿಲ್ಲ. ಆರು ವರ್ಷ ತಟ್ಟೆಯ ಮೇಲೆ ಕಿಡಿ ತೋರಿಸಿದ ಮನುಷ್ಯನಿಗೆ ‘ಮೇಷ್ಟ್ರೇ, ನಿಮ್ಮದು ಆರಿದೆ’ ಎನ್ನಲು ನಾಲಿಗೆ ಏಳಲಿಲ್ಲ. ಹೀಗೆ ಹತ್ತು ಹದಿನೈದು ನಿಮಿಷ ಕಳೆಯಿತು; ಒಂಬತ್ತು ಜನ ಬುದ್ಧಿವಂತರು ಒಂದು ತಣ್ಣನೆಯ ಪೈಪಿನ ಸುತ್ತ ಕೂತಿದ್ದೆವು. ಕೊನೆಗೆ ರೈಲು ಚಾಲಕರು, ಚೆನ್ನಾಗಿಯೇ ಹೊಗೆಯಾಡುತ್ತಿದ್ದ ತಮ್ಮ ಪೈಪನ್ನು ಒಮ್ಮೆಲೇ ಮಗುಚಿ, “ನಂದಾಯ್ತಪ್ಪ” ಎಂದರು. ಕೆಂಡ ಮೇಜಿನ ಹಸಿರು ಬಟ್ಟೆಯ ಮೇಲೆ ಬಿತ್ತು. ಅದರ ಮೇಲೆ ಅವರು ಅಂಗೈ ಊರಿ, ತುಟಿ ಕಚ್ಚಿ, ಕೂತರು. ನಿಮಿಷದೊಳಗೆ ಡಾಕ್ಟರೂ “ನಂದೂನು” ಎಂದು ಮಗುಚಿದರು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದೆವು.

ಅಂಗಡಿಯವರು ಪದ್ಧತಿಯಂತೆ ಬಿಳಿ ತಟ್ಟೆ ತಂದಿಟ್ಟರು, ತರಬಾರದಿತ್ತು ಎಂದು ಅವರಿಗೆ ಹೊಳೆಯುವಷ್ಟರಲ್ಲಿ ಮೇಷ್ಟ್ರು ತಟ್ಟಿಯಾಗಿತ್ತು. ಬಿದ್ದದ್ದು ಬೂದಿ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ ತೋರುಬೆರಳನ್ನು ಅದರೊಳಗೆ ಇಟ್ಟರು. ಆಮೇಲೆ ರೈಲು ಚಾಲಕರ ಅಂಗೈಯ ಕೆಳಗಿಂದ ಹೊಗೆಯಾಡುತ್ತಿದ್ದ ಮೇಜುಬಟ್ಟೆಯನ್ನು ನೋಡಿದರು. ಬಟ್ಟೆ ಸುಡುವ ನಾತ ಕೋಣೆಯನ್ನೆಲ್ಲ ತುಂಬಿತ್ತು. ಅವರಿಗೆ ಅದು ಕಣ್ಣಿನಿಂದಲೇ ತಿಳಿಯಬೇಕಾಯಿತು.

“ಎಷ್ಟು ಹೊತ್ತಾಯ್ತು ಆರಿ?” ಎಂದು ನನ್ನನ್ನು ಕೇಳಿದರು.

“ಹದಿನೇಳು ನಿಮಿಷ” ಎಂದೆ. ನಾನು ಬರೆದುಕೊಂಡಿದ್ದೆ.

“ಹದಿನೇಳು ನಿಮಿಷ ನನಗೆ ರುಚಿ ಸಿಗ್ತಿತ್ತು” ಎಂದರು ಅವರು. “ವಾಸನೆನೂ ಬರ್ತಿತ್ತು. ಚೆನ್ನಾಗೇ ಬರ್ತಿತ್ತು.” ಕೋಪವಿರಲಿಲ್ಲ; ಅಳತೆ ತಪ್ಪಿದ್ದನ್ನು ಕಂಡ ಕೆಲಸಗಾರನ ಬೆರಗು ಇತ್ತು. ನಲವತ್ತು ವರ್ಷದ ನೆನಪನ್ನೇ ವಾಸನೆ ಅಂದುಕೊಂಡು ಮೂಸುತ್ತಿದ್ದೆ ಎಂಬ ಮಾತನ್ನು ಅವರು ಹೇಳಿದ್ದು ಆಮೇಲೆ, ಬೀದಿಯಲ್ಲಿ ನಡೆಯುವಾಗ.

ಬೀದಿಯಲ್ಲಿ ಅವರು ತಮ್ಮ ಮನೆಯ ಕಡೆಗೆ ತಿರುಗದೆ ವ್ಯವಸ್ಥಾಪಕರ ಮನೆಯ ದಾರಿ ಹಿಡಿದರು. ಸೋಮವಾರ ಹೇಳಿದರಾಯಿತಲ್ಲ, ಒಳ್ಳೆಯ ವೈದ್ಯರನ್ನು ನೋಡಿದ ಮೇಲೆ ಹೇಳಿದರಾಯಿತಲ್ಲ, ನಿವೃತ್ತಿಗೆ ಇನ್ನೆರಡೇ ವರ್ಷವಲ್ಲವೇ ಎಂದು ನಾನು ಅಡಿಗಡಿಗೂ ಅಡ್ಡ ಬಂದೆ. ಸಹಾಯಕಿ ಇದ್ದಾಳಲ್ಲ, ಅವಳು ಮೂಸಲಿ ನೀವು ಸಹಿ ಹಾಕಿ ಎಂದೂ ಹೇಳಿದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಒಮ್ಮೆ ನಿಂತು, “ಉಗ್ರಾಣದವನು ಮನೇಲಿ ಕೂತಿದ್ದಾನೆ ಕಣ್ರೀ” ಎಂದು ಮತ್ತೆ ನಡೆದರು. ಎಂದಿಗಿಂತ ಬೇಗ ನಡೆಯುತ್ತಿದ್ದರು. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಲು ನಾನು ಓಡಬೇಕಾಯಿತು.

ವ್ಯವಸ್ಥಾಪಕರು ಮನೆಯ ಮುಂಕೋಣೆಯಲ್ಲಿ ರೇಡಿಯೋ ಬಿಚ್ಚಿಕೊಂಡು ಕೂತಿದ್ದರು. ಎಲ್ಲವನ್ನೂ ಕೇಳಿ ನಕ್ಕುಬಿಟ್ಟರು. “ಒಂದು ನೆಗಡಿಗೆ ಇಷ್ಟೊಂದಾ ಮೇಷ್ಟ್ರೇ? ಹೋಗಿ ಮಲಗಿ.” ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತು ಕರವಸ್ತ್ರವನ್ನು ಕಣ್ಣಿಗೆ ಕಟ್ಟಿಕೊಂಡರು. “ಅಡುಗೆಮನೆಯಿಂದ ಏನು ಬೇಕಾದ್ರೂ ತಂದು ಮೂಗಿಗೆ ಹಿಡೀರಿ” ಎಂದರು. ತಮಾಷೆಗೆಂದು ವ್ಯವಸ್ಥಾಪಕರ ಹೆಂಡತಿ ಒಂದು ಈರುಳ್ಳಿಯನ್ನು ಎರಡಾಗಿ ಹೆಚ್ಚಿ ಬಟ್ಟಲಿನಲ್ಲಿಟ್ಟು ತಂದು, ಅವರ ಮೂಗಿನ ಕೆಳಗೆ ಹಿಡಿದರು. ಮೂರು ಗಜ ದೂರದಲ್ಲಿದ್ದ ನನ್ನ ಮೂಗೇ ಚುರ್ರೆಂದಿತು. ಮೇಷ್ಟ್ರು ದೀರ್ಘವಾಗಿ ಉಸಿರೆಳೆದರು, ಕಾದರು, ಮತ್ತೊಮ್ಮೆ ಎಳೆದರು. ಪಾಕಗಳನ್ನು ಪರೀಕ್ಷಿಸುವಾಗಿನ ಅದೇ ಗಾಂಭೀರ್ಯ, ಅದೇ ನಿಧಾನ.

“ಖಾಲಿ ಬಟ್ಟಲು” ಎಂದರು.

ಕರವಸ್ತ್ರದ ಕೆಳಗಿಂದ ನೀರು ಇಳಿದು ಕೆನ್ನೆಗೆ ಬಂತು; ಈರುಳ್ಳಿ ಮೂಗನ್ನು ಬಿಟ್ಟರೂ ಕಣ್ಣನ್ನು ಬಿಡುವುದಿಲ್ಲ. ಅದು ಈರುಳ್ಳಿಯ ನೀರೇ ಎಂದು ನಾನು ಇಂದಿಗೂ ನಂಬಿಕೊಂಡಿದ್ದೇನೆ. ವ್ಯವಸ್ಥಾಪಕರು ಅಲ್ಲೇ, ಅದೇ ಮೇಜಿನ ಮೇಲೆ, ಉಗ್ರಾಣದವನಿಗೆ ಸೋಮವಾರ ಕೆಲಸಕ್ಕೆ ಬರುವಂತೆ ಚೀಟಿ ಬರೆದರು. ಅದನ್ನು ಕೈಯಾರೆ ಮುಟ್ಟಿಸುವುದಾಗಿ ಮೇಷ್ಟ್ರು ಕೇಳಿ ಪಡೆದರು. ಉಗ್ರಾಣದವನ ಮನೆಬಾಗಿಲಲ್ಲಿ ಚೀಟಿ ಕೊಟ್ಟು, ತಪ್ಪು ತಮ್ಮ ಮೂಗಿನದೆಂದು ಹೇಳಿದರು. ತನ್ನನ್ನು ಮನೆಯಲ್ಲಿ ಕೂರಿಸಿದ ತಪ್ಪು ಯಾರದೆಂದು ತಿಳಿದ ಮೇಲೂ ಅವನು “ಒಳಗೆ ಬನ್ನಿ ಮೇಷ್ಟ್ರೇ, ನಿಂತೇ ಇದ್ದೀರಲ್ಲ” ಎಂದ. ಅವರು ಒಳಗೆ ಹೋದರು; ನಾನು ನನ್ನ ದಾರಿ ಹಿಡಿದೆ.

ಆ ವಾರವೇ ಅವರು ಕೆಲಸ ಬಿಟ್ಟರು. ಈಗ ಚೀಟಿಗಳ ಮೇಲೆ ಸಹಾಯಕಿಯ ಸಹಿ, ನೀಲಿ ಶಾಯಿಯಲ್ಲಿ. ಅವಳೂ ಕಡಾಯಿಯವರನ್ನು ಗೋಳು ಹೊಯ್ದುಕೊಳ್ಳುತ್ತಾಳೆಂದು ಕೇಳುತ್ತೇನೆ. ವಾಸನೆ ಮರಳಿ ಬರಬಹುದು, ಬಾರದಿರಬಹುದು ಎಂದು ವೈದ್ಯರು ಹೇಳಿದರಂತೆ, ಬರಲಿಲ್ಲ. ಮೇಷ್ಟ್ರು ಪೈಪು ಬಿಡಲಿಲ್ಲ. ಹೊಗೆಯ ಗಂಧವೇ ಇಲ್ಲದ ಮೇಲೆ ಏನು ಸುಖ ಎಂದು ಕೇಳಿದವರಿಗೆ, ಬಟ್ಟಲು ಅಂಗೈಗೆ ಬೆಚ್ಚಗಿರುತ್ತದೆ ಎನ್ನುತ್ತಾರೆ. ಈಚೆಗೆ ಸೇದುವಾಗ ಹೆಂಡತಿಯನ್ನು ಎದುರಿಗೆ ಕೂರಿಸಿಕೊಳ್ಳುತ್ತಾರೆ. “ಆರಿತಾ ನೋಡು” ಎಂದು ಆಗಾಗ ಕೇಳುತ್ತಾರೆ, ಅವರು ನೋಡಿ ಹೇಳುತ್ತಾರೆ.

ಪೈಪಿನವರ ಕುಲದ ಬಗ್ಗೆ ಜನಕ್ಕೆ ತಪ್ಪು ತಿಳಿವಳಿಕೆಯಿದೆ: ಇವರು ಹೊಗೆಯ ಮರೆಯಲ್ಲಿ ಕೂತು ಲೋಕವನ್ನು ದೂರವಿಡುವ ಸೋಮಾರಿಗಳು, ಸುಖಪುರುಷರು ಎಂದು. ನಾನು ಕಂಡದ್ದು ಬೇರೆ. ಸುಖವನ್ನು ಇಷ್ಟು ಶ್ರದ್ಧೆಯಿಂದ, ಇಷ್ಟು ಕಟ್ಟುಪಾಡಿನಿಂದ ಪಡೆಯುವವರಿಗೆ ಅದರ ಲೆಕ್ಕದಲ್ಲಿ ಕಳ್ಳತನ ಮಾಡಲು ಬರುವುದಿಲ್ಲ; ಅದು ಹೋಯಿತು ಎಂದು ಗೊತ್ತಾದ ದಿನ ಹೋಯಿತು ಎನ್ನುತ್ತಾರೆ, ಅದರಿಂದ ಅನ್ನ ಹೋಗುವುದಾದರೂ. ನಮ್ಮಂಥ ಬಹಳ ಮಂದಿ ಆರಿದ್ದನ್ನೇ ಬಾಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡುತ್ತೇವೆ. ಕಸುಬು ಆರಿರುತ್ತದೆ, ಸ್ನೇಹ ಆರಿರುತ್ತದೆ, ಕೈ ಮಾತ್ರ ಅಭ್ಯಾಸಬಲದಿಂದ ಒತ್ತುತ್ತಿರುತ್ತದೆ. ಸುತ್ತ ಕೂತವರು ಮರ್ಯಾದಸ್ಥರಾದ್ದರಿಂದ ಗಡಿಯಾರ ನೋಡಿಕೊಂಡು ಸುಮ್ಮನಿರುತ್ತಾರೆ. ಆ ಮರ್ಯಾದೆ ಸಾಕು, ನಿಜ ಹೇಳಿ ಎಂದು ಕೇಳುವ ಧೈರ್ಯವಿದ್ದವರನ್ನು ನಾನು ನನ್ನ ಆಯುಷ್ಯದಲ್ಲಿ ಒಬ್ಬರನ್ನೇ ಕಂಡೆ. ಅವರು ಕೇಳುವವರೆಗೂ ಹೇಳದೆ ಕೂತವನು ನಾನು.